ಮೀಟರಿನಾಚೆಯ ಸಿಸ್ಟರ್

ಅವರ ಮುಖವನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅವರು ತೀರಿಕೊಂಡ ಮರುದಿನ. ಚಾಪೆಲಿನ ನಡುವೆ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಇಷ್ಟು ವರ್ಷ ಬರೀ ಧ್ವನಿ ಕೇಳಿ ಕೇಳಿ ನನ್ನ ಮನಸ್ಸಿನಲ್ಲಿ ಎತ್ತರದ, ಅಗಲ ಭುಜದ, ಚೂಪು ಮೂಗಿನ ಒಬ್ಬ ಹೆಂಗಸು ನಿಂತುಬಿಟ್ಟಿದ್ದರು. ಪೆಟ್ಟಿಗೆಯಲ್ಲಿದ್ದವರು ಗಿಡ್ಡಗೆ, ಗುಂಡಗೆ, ಮಕ್ಕಳನ್ನು ಕರೆದು ಕರೆದು ಮಿಠಾಯಿ ಕೊಡುವ ಅಜ್ಜಿಯ ಹಾಗೆ ಇದ್ದರು. ನನ್ನನ್ನು ಇಷ್ಟು ಕಾಲ ಗದರಿಸಿದ್ದು ಇವರೇ ಹೌದಾ ಎಂದು ಪಕ್ಕದಲ್ಲಿ ನಿಂತವರನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನಂಥ ಮುಸಲ್ಮಾನ ಬ್ಯಾರಿ ಒಬ್ಬ ಚಾಪೆಲಿಗೆ ಬಂದದ್ದೇ ಅಲ್ಲಿದ್ದವರಿಗೆ ಸಾಕಷ್ಟು ಆಶ್ಚರ್ಯವಾಗಿತ್ತು.

ಹೆಸರು ಹೇಳುವುದಿಲ್ಲ. ಕಾನ್ವೆಂಟಿನ ಒಳಗೆ ಸೇರಿದ ದಿನವೇ ಮನೆಯವರು ಇಟ್ಟ ಹೆಸರನ್ನು ಬಿಟ್ಟವರು ಅವರು. ಈಗ ನಾನು ಬರೆದು ಡಂಗುರ ಹೊಡೆದರೆ ಎಲ್ಲಿದ್ದರೂ ಸಿಟ್ಟಾಗುತ್ತಾರೆ. ಅವರ ಸಿಟ್ಟು ನನಗೆ ಗೊತ್ತು. ಸಿಸ್ಟರ್ ಅಂದರೆ ಸಾಕು.

ಮಂಗಳೂರಿನಲ್ಲಿ ಸಿಸ್ಟರುಗಳಿಗೆ ಬರವಿಲ್ಲ. ಶಾಲೆಯಲ್ಲಿ ಪಾಠ ಮಾಡುವವರಿದ್ದಾರೆ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವವರಿದ್ದಾರೆ, ಸಿಟಿ ಬಸ್ಸಿನಲ್ಲಿ ನಮ್ಮ ಜೊತೆಗೇ ನೇತಾಡಿಕೊಂಡು ಹೋಗುವವರಿದ್ದಾರೆ. ಇವರು ಆ ಪೈಕಿ ಅಲ್ಲ. ಉರ್ವ ಮಾರ್ಕೆಟ್ಟಿನಿಂದ ಸ್ವಲ್ಪ ಒಳಗೆ, ಎತ್ತರದ ಗೋಡೆಯ ಹಿಂದಿನ ಒಂದು ಸಣ್ಣ ಕಾನ್ವೆಂಟಿನವರು. ಅಲ್ಲಿ ಒಳಗೆ ಹೋದವರು ಹೊರಗೆ ಬರುವುದಿಲ್ಲ. ಪ್ರಾರ್ಥನೆ, ಕೆಲಸ, ಮೌನ, ಇಷ್ಟೇ. ಹೊರಗಿನವರು ಮಾತಾಡಬೇಕಾದರೆ ಮುಂದಿನ ಕೋಣೆಯಲ್ಲಿ ಕೂತು ಕಬ್ಬಿಣದ ಜಾಲರಿಯ ಆಚೆ ಇಳಿಬಿಟ್ಟ ಕಪ್ಪು ಪರದೆಯೊಂದಿಗೆ ಮಾತಾಡಬೇಕು. ಸಾಮಾನು ಕೊಡುವುದಾದರೆ ಗೋಡೆಯಲ್ಲಿ ಕೂರಿಸಿದ, ಗರಗರ ತಿರುಗುವ ಒಂದು ಮರದ ಪೆಟ್ಟಿಗೆ ಇದೆ. ಈಚೆ ಇಟ್ಟು ತಿರುಗಿಸಿದರೆ ಆಚೆ ಹೋಗುತ್ತದೆ. ಕೊಟ್ಟವರಿಗೆ ತೆಗೆದುಕೊಂಡವರ ಕೈ ಕೂಡ ಕಾಣುವುದಿಲ್ಲ.

ಅಲ್ಲಿಂದ ಊರಿನ ಎಷ್ಟೋ ಇಗರ್ಜಿಗಳಿಗೆ ಓಸ್ತಿ ಹೋಗುತ್ತದೆ. ಓಸ್ತಿ ಅಂದರೆ ಚರ್ಚಿನ ಪೂಜೆಯಲ್ಲಿ ನಾಲಗೆಯ ಮೇಲೆ ಇಡುವ, ಕಾಗದದಷ್ಟು ತೆಳ್ಳಗಿನ ದುಂಡು ಬಿಳಿ ರೊಟ್ಟಿ. ಅದನ್ನು ಬೇಯಿಸುವ ಕೋಣೆ ಸಿಸ್ಟರದ್ದು. ಸಿಸ್ಟರದ್ದು ಅಂದರೆ ಸಿಸ್ಟರದ್ದೇ. ಬೇರೆ ಯಾರೂ ಅದರ ಬಾಗಿಲು ದಾಟುವ ಹಾಗಿರಲಿಲ್ಲ.

ನನ್ನದು ಬಂದರಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅದಕ್ಕೂ ಮೊದಲು ಗಲ್ಫಿನ ಒಂದು ದೊಡ್ಡ ಬೇಕರಿಯಲ್ಲಿ ಓವನ್ನುಗಳ ರಿಪೇರಿ ನೋಡಿಕೊಳ್ಳುತ್ತಿದ್ದೆ. ಹೀಟರ್ ರಾಡುಗಳ ವಿಷಯ ನನಗೆ ಸ್ವಲ್ಪ ಗೊತ್ತು ಎಂಬ ಸುದ್ದಿ ಹೇಗೋ ಆ ಗೋಡೆಯ ಒಳಗೂ ಹೋಗಿತ್ತು. ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಬಂದರಿನಲ್ಲಿ ಬೂತಾಯಿ ಮೀನು ಮಾರುವ ಹೆಂಗಸರಿಗೂ ಅಂಥ ಗಂಟಲು ಇರಲಿಕ್ಕಿಲ್ಲ.

"ನಿಮಗೆ ಓವನ್ ಗೊತ್ತುಂಟಂತಲ್ಲ? ನಮ್ಮ ಓಸ್ತಿ ಒಂದು ಬದಿ ಬೇಯುವುದೇ ಇಲ್ಲ ಮಾರಾಯ್ರೇ. ಮೈದಾ ಬದಲಾಯಿಸಿ ಆಯ್ತು, ನೀರು ಬದಲಾಯಿಸಿ ಆಯ್ತು. ಪ್ರಾರ್ಥನೆಯೂ ಮಾಡಿ ಆಯ್ತು. ಇನ್ನು ಉಳಿದದ್ದು ನೀವು."

ಪ್ರಾರ್ಥನೆಯ ನಂತರದ ಸ್ಥಾನ ಸಿಕ್ಕಿತಲ್ಲ ಎಂದು ಖುಷಿಯಿಂದಲೇ ಹೋದೆ. ಆದರೆ ಒಳಗೆ ಹೋಗುವುದು ಅಂದರೆ ಅದೊಂದು ದೊಡ್ಡ ರಂಪ. ಗಂಡಸು ಬರುತ್ತಾನೆಂದು ಒಬ್ಬ ಸಿಸ್ಟರ್ ಮುಂದೆ ಮುಂದೆ ಗಂಟೆ ಆಡಿಸುತ್ತಾ ಹೋಗಬೇಕು, ಉಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಮ್ಮ ತಮ್ಮ ಕೋಣೆ ಸೇರಬೇಕು. ನಾನು ತಲೆ ತಗ್ಗಿಸಿಕೊಂಡು ಗಂಟೆಯ ಹಿಂದೆ ನಡೆದೆ. ಓಸ್ತಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡು ತಟ್ಟೆಗಳು ಒಂದರ ಮೇಲೊಂದು ಮುಚ್ಚಿಕೊಳ್ಳುವ, ನೀರುದೋಸೆ ಕಾವಲಿಗೆ ಮುಚ್ಚಳ ಹಾಕಿದಂಥ ಒಂದು ಮೆಷಿನ್. ಬಿಸಿಯ ಡಯಲ್ ನೋಡಿದರೆ ಎಲ್ಲ ಸರಿ. ತಂತಿಗೆ ಕ್ಲ್ಯಾಂಪ್ ಮೀಟರ್ ಕಚ್ಚಿಸಿ ಕರೆಂಟ್ ನೋಡಿದೆ. ಮೂರು ರಾಡುಗಳಲ್ಲಿ ಎರಡು ಕರೆಂಟ್ ಎಳೆಯುತ್ತಿದ್ದವು. ಮೂರನೆಯದು ಸತ್ತು ಎಷ್ಟು ಕಾಲವಾಗಿತ್ತೋ ಏನೋ.

ಮುಂದಿನ ಕೋಣೆಗೆ ಬಂದು ಪರದೆಗೆ ವಿವರಿಸಿದೆ. ಒಂದು ರಾಡ್ ಸುಟ್ಟರೆ ಉಳಿದೆರಡು ಹೆಚ್ಚು ಹೊತ್ತು ಉರಿದು ಅದರ ಪಾಲಿನ ಬಿಸಿಯನ್ನೂ ಕೊಡುತ್ತವೆ. ಹಾಗಾಗಿ ಡಯಲಿಗೆ ಏನೂ ಗೊತ್ತಾಗುವುದಿಲ್ಲ. ಕರೆಂಟ್ ನೋಡಿದರೆ ಮಾತ್ರ ತಿಳಿಯುತ್ತದೆ.

ಸಿಸ್ಟರ್ ಪರದೆಯ ಆಚೆಯಿಂದ ಕೇಳಿದರು, "ಕರೆಂಟ್ ನೋಡ್ಲಿಕ್ಕೆ ನೀವು ಒಳಗೆ ಬರ್ಲೇಬೇಕಾ?"

"ತಂತಿ ಎಲ್ಲಿ ಉಂಟೋ ಅಲ್ಲಿ ನೋಡಬಹುದು ಸಿಸ್ಟರ್."

"ಹಾಗಾದ್ರೆ ತಂತಿಯನ್ನು ನೀವು ಕೂತಲ್ಲಿಗೆ ತನ್ನಿ. ನೀವು ಒಳಗೆ ಬಂದ್ರೆ ಇಡೀ ಮನೆಯ ಕೆಲಸ ನಿಲ್ತದೆ. ಇವತ್ತು ಅನ್ನದ ಪಾತ್ರೆ ತಳ ಹಿಡಿದದ್ದು ನಿಮ್ಮಿಂದ."

ಹಾಗೆ ಆ ಮುಂದಿನ ಕೋಣೆಯ ಗೋಡೆಯಲ್ಲಿ, ಸಂತರ ಪಟದ ಕೆಳಗೆ, ರಾಡಿಗೊಂದರಂತೆ ಮುಳ್ಳಿನ ಮೂರು ಮೀಟರುಗಳು ಬಂದವು. ಪಕ್ಕದಲ್ಲೇ ಮೈನ್ ಸ್ವಿಚ್ಚು, ಫ್ಯೂಸು. ರೋಗಿ ಒಳಗೆ, ನಾಡಿ ಹೊರಗೆ. ಯಾವ ಮುಳ್ಳು ಏಳುವುದಿಲ್ಲವೋ ಆ ರಾಡ್ ಹೋಗಿದೆ. ಮುಳ್ಳು ನಡುಗಿದರೆ ಎಲ್ಲೋ ಸ್ಕ್ರೂ ಸಡಿಲಾಗಿದೆ. ಹೊಸ ರಾಡನ್ನು ಮರದ ಪೆಟ್ಟಿಗೆಯಲ್ಲಿಟ್ಟು ತಿರುಗಿಸುವುದು, ಫ್ಯೂಸ್ ಕಿತ್ತು ನನ್ನ ಜೇಬಿನಲ್ಲಿಟ್ಟುಕೊಳ್ಳುವುದು, "ತೆಗೆದೆ ಸಿಸ್ಟರ್" ಎನ್ನುವುದು. ಅವರು ಒಳಗೆ ಹೋಗಿ ತಾವೇ ಸ್ಕ್ರೂಡ್ರೈವರ್ ಹಿಡಿದು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು. ಗಲ್ಫಿನಲ್ಲಿ ನಾನು ಕೆಲಸ ಕಲಿಸಿದ ಹುಡುಗರು ಎಷ್ಟೋ ಜನ. ಇಷ್ಟು ಎದುರು ಮಾತಾಡಿದವರು ಯಾರೂ ಇಲ್ಲ, ಇಷ್ಟು ಬೇಗ ಕಲಿತವರೂ ಇಲ್ಲ.

ಎದುರು ಮಾತಿನ ಒಂದು ಮಾದರಿ ಹೇಳುತ್ತೇನೆ. ಒಂದು ಬೇಸಿಗೆಯ ಸಂಜೆ ಫೋನ್. "ಸಾಹೇಬ್ರೇ, ಮೂರು ಮುಳ್ಳೂ ಇಳಿದಿದೆ ಅಂತ ಬಾಗಿಲು ಕಾಯುವ ಸಿಸ್ಟರ್ ಹೇಳ್ತಾರೆ. ಮೂರು ರಾಡೂ ಹೋಯ್ತು. ಮೂರು ಹಿಡ್ಕೊಂಡು ಬನ್ನಿ."

"ಮೂರೂ ಒಟ್ಟಿಗೆ ಸಾಯುವುದಿಲ್ಲ ಸಿಸ್ಟರ್. ವೋಲ್ಟೇಜ್ ಇಳಿದಿದೆ. ನಿಮ್ಮ ಫ್ಯಾನ್ ಹೇಗೆ ತಿರುಗ್ತಾ ಉಂಟು ನೋಡಿ."

"ನಮ್ಮಲ್ಲಿ ಫ್ಯಾನ್ ಹಾಕುವ ಅಭ್ಯಾಸ ಇಲ್ಲ."

"ಹಾಗಾದ್ರೆ ಸ್ವಲ್ಪ ಕಾಯಿರಿ. ಉರ್ವದವರೆಲ್ಲ ಫ್ಯಾನ್, ಎಸಿ ಹಾಕಿ ಕೂತಿದ್ದಾರೆ, ಅಷ್ಟೇ."

"ಅವರಿಗೆ ಸೆಕೆ ಆದ್ರೆ ನಮ್ಮ ಓಸ್ತಿ ಯಾಕೆ ಹಸಿ ಇರ್ಬೇಕು? ಇದು ಎಂತ ನ್ಯಾಯ?" ಎಂದು ಫೋನ್ ಇಟ್ಟರು. ಆ ನ್ಯಾಯವನ್ನು ನಾನೇ ಮಾಡಿದ ಹಾಗೆ.

ಅವಸರವಾದರೆ ಅವರು ಆಚೆಯಿಂದ ಮರದ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರು. ಖುಷಿಯಾದರೂ ಹಾಗೇ ಬಡಿಯುತ್ತಿದ್ದರು. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯಲು ನನಗೆ ಕಾಲ ಹಿಡಿಯಿತು. ಕೆಲಸ ಮುಗಿದ ಮೇಲೆ ಪೆಟ್ಟಿಗೆ ತಿರುಗಿ ಚಹಾ ಬರುತ್ತಿತ್ತು, ಜೊತೆಗೆ ಒಂದು ತಟ್ಟೆಯಲ್ಲಿ ಓಸ್ತಿ ಕತ್ತರಿಸಿ ಉಳಿದ ಗರಿಗರಿ ಚೂರುಗಳು. ಮೊದಲ ಸಲ ನಾನು ಮುಟ್ಟಲಿಲ್ಲ. ಅವರ ಧರ್ಮದ ವಸ್ತು, ನಾನು ತಿಂದು ಏನಾದರೂ ತಪ್ಪಾದರೆ ಎಂಬ ಹೆದರಿಕೆ. ಪೆಟ್ಟಿಗೆಯಲ್ಲಿ ತಟ್ಟೆ ಹಾಗೇ ವಾಪಸು ಹೋದದ್ದು ಕಂಡು ಆಚೆಯಿಂದ ನಗು ಕೇಳಿತು. "ಇದು ಬರೀ ಮೈದಾ ಮತ್ತು ನೀರು ಮಾರಾಯ್ರೇ. ಪೂಜೆಗೆ ಹೋದ ಮೇಲೆ ಅದು ದೇವರದ್ದು. ಅಲ್ಲಿಯವರೆಗೆ ನನ್ನದು. ನಾನು ಕೊಡ್ತಾ ಇದ್ದೇನೆ, ತಿನ್ನಿ." ಆಮೇಲೆ ಪ್ರತಿ ಸಲ ಒಂದು ಪೊಟ್ಟಣ ಮನೆಗೂ ಬರುತ್ತಿತ್ತು. "ನಿಮ್ಮ ಮುಖವಿಲ್ಲದ ಸಿಸ್ಟರ್ ಕೊಟ್ಟದ್ದಾ?" ಎಂದು ನನ್ನ ಹೆಂಡತಿ ಅದಕ್ಕೆ ಜೇನುತುಪ್ಪ ಸವರಿ ತಿನ್ನುತ್ತಿದ್ದಳು.

ಈಚಿನ ವರ್ಷಗಳಲ್ಲಿ ನಮ್ಮ ರಮ್ಜಾನ್ ಮತ್ತು ಅವರ ತಪಸ್ಸುಕಾಲ ಒಟ್ಟಿಗೇ ಬರತೊಡಗಿದವು. ಈಸ್ಟರಿಗೆ ಮುಂಚೆ ಅವರಿಗೆ ಓಸ್ತಿಯ ಕೆಲಸ ವಿಪರೀತ. ನಾನು ಬಾಯಿ ಒಣಗಿಸಿಕೊಂಡು ಮೀಟರುಗಳ ಎದುರು ಕೂತಿರುತ್ತಿದ್ದೆ, ಒಳಗಿನಿಂದ ಬೇಯುವ ಹಿಟ್ಟಿನ ಪರಿಮಳ. "ನಿಮ್ಮದು ಸುಖದ ಉಪವಾಸ" ಎನ್ನುತ್ತಿದ್ದರು. "ಸಂಜೆ ಆದ್ರೆ ಸಮೋಸ ಉಂಟು, ಬಿರಿಯಾನಿ ಉಂಟು. ನಮಗೆ ಈಸ್ಟರ್ ವರೆಗೆ ಒಂದು ತುಂಡು ಮಾಂಸ ಇಲ್ಲ."

"ನೀವು ನೀರು ಕುಡೀತೀರಲ್ಲ ಸಿಸ್ಟರ್, ನಮಗೆ ಅದೂ ಇಲ್ಲ."

ಟಕ್ ಟಕ್. ಅದು ಖುಷಿಯದ್ದು.

ನಾನು ಅಲ್ಲಿಗೆ ಹೋಗುತ್ತಿದ್ದದ್ದು ರಾಡ್ ಕೆಟ್ಟಾಗ ಮಾತ್ರ ಎಂದರೆ ಸುಳ್ಳಾಗುತ್ತದೆ. ಬಂದರಿನ ಗಲಾಟೆ, ಲಾರಿಗಳ ಹಾರ್ನ್, ಗಿರಾಕಿಗಳ ಚೌಕಾಸಿ ತಲೆಗೇರಿದಾಗ ಸ್ಕೂಟರ್ ತಾನಾಗಿ ಉರ್ವದ ಕಡೆ ತಿರುಗುತ್ತಿತ್ತು. "ಸುಮ್ಮನೆ ಮೀಟರ್ ಚೆಕ್ ಮಾಡ್ತೇನೆ" ಎಂದು ಕೂತರೆ ಯಾರೂ ಏಳಿಸುತ್ತಿರಲಿಲ್ಲ. ಮುಳ್ಳುಗಳನ್ನು ನೋಡುತ್ತಾ ಕೂರುವುದೇ ಒಂದು ಸಮಾಧಾನ. ಹಿಟ್ಟು ಹೊಯ್ದ ಕೂಡಲೇ ತಟ್ಟೆ ತಣ್ಣಗಾಗಿ ಮೂರು ಮುಳ್ಳುಗಳೂ ಏರುತ್ತವೆ. ಬೆಂದು ಬಿಸಿ ಮುಟ್ಟಿದೊಡನೆ ಬೀಳುತ್ತವೆ. ಆಗ ಮೆಷಿನ್ನಿನ ಮೇಲಿನ ಸಣ್ಣ ಕೆಂಪು ದೀಪ ಆರುತ್ತದೆ, ಸಿಸ್ಟರ್ ಮುಚ್ಚಳ ಎತ್ತಿ ಹಾಳೆ ತೆಗೆದು ಮತ್ತೆ ಹಿಟ್ಟು ಹೊಯ್ಯುತ್ತಾರೆ, ಮುಳ್ಳು ಮತ್ತೆ ಏಳುತ್ತದೆ. ಅವರು ಕಾಣದಿದ್ದರೂ ಅವರ ಕೈ ಎಲ್ಲಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಹಾಗಾಗಿ ಕೈ ತಡವಾಗತೊಡಗಿದ್ದೂ ಗೊತ್ತಾಯಿತು. ಬಿದ್ದ ಮುಳ್ಳು ಬಿದ್ದಲ್ಲೇ ಇರುತ್ತಿತ್ತು. ಬೆಂದಾಗಿದೆ, ಆದರೆ ಯಾರೂ ಮುಚ್ಚಳ ಎತ್ತುತ್ತಿಲ್ಲ. ಕೆಲವೊಮ್ಮೆ ಕರಟಿದ ವಾಸನೆ ಬರುತ್ತಿತ್ತು. ಮೊದಲು ಥರ್ಮೋಸ್ಟಾಟ್ ಮೇಲೆ ಅನುಮಾನಪಟ್ಟು ಹೊಸದನ್ನು ಕಳಿಸಿದೆ. ಅವರು ಹಾಕುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಹಾಕಿದ ಮೇಲೂ ಅದೇ ಕಥೆ.

"ಮೀಟರ್ ಎಂತ ಹೇಳ್ತದೆ?" ಎಂದು ಪರದೆಯ ಆಚೆಯಿಂದ ಕೇಳಿದರು.

"ಮೆಷಿನ್ನಿಗೆ ಏನೂ ಆಗ್ಲಿಲ್ಲ ಸಿಸ್ಟರ್."

ಅವರು ಆ ದೊಡ್ಡ ಗಂಟಲನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ ಹೇಳಿದರು. "ಹಾಗಾದ್ರೆ ಕೆಟ್ಟದ್ದು ನಾನು. ಆ ಕೆಂಪು ದೀಪ ನನಗೆ ಕಾಣೂದಿಲ್ಲ ಸಾಹೇಬ್ರೇ. ಉರೀತದಾ, ಆರಿತಾ, ಒಂದೂ ಗೊತ್ತಾಗೂದಿಲ್ಲ. ಆಪರೇಷನ್ ಮಾಡಿ ಸರಿ ಆಗುವ ಕಣ್ಣಲ್ಲ ಅಂತ ಡಾಕ್ಟರ್ ಹೇಳಿ ಆಗಿದೆ."

"ಮದರಿಗೆ ಹೇಳಿದ್ರಾ?" ಮದರ್ ಅಂದರೆ ಆ ಕಾನ್ವೆಂಟಿನ ಮುಖ್ಯಸ್ಥೆ.

"ಹೇಳಿದ್ರೆ ನಾಳೆಯೇ ಈ ಕೋಣೆಗೆ ಬೇರೆಯವರು ಬರ್ತಾರೆ. ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಗಂಜಿ ಕೊಡ್ತಾರೆ. ಹೊಲಿಗೆಗೆ ಕಣ್ಣಿಲ್ಲ, ತೋಟಕ್ಕೆ ಸೊಂಟ ಇಲ್ಲ, ಹಾಡ್ಲಿಕ್ಕೆ ಈ ಸ್ವರವನ್ನು ದೇವರೂ ಒಪ್ಪೂದಿಲ್ಲ. ಹಿಟ್ಟು ಕಲಸುವುದು, ಹೊಯ್ಯುವುದು, ಇದೊಂದು ಕೈಗೆ ಗೊತ್ತುಂಟು. ಇದನ್ನೂ ತೆಗೆದ್ರೆ ನಾನು ಇಲ್ಲಿ ಎಂತ ಮಾಡ್ಲಿ?"

ಅವರು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಅದೇ ಮೊದಲು. ಸ್ವಲ್ಪ ದಿನ ಕೊಡಿ, ಏನಾದರೂ ಮಾಡುತ್ತೇನೆ ಎಂದು ಹೇಳಿ ಬಂದೆ. ಅಂಗಡಿಯಲ್ಲಿ ಕೂತರೂ ಅದೇ ಯೋಚನೆ. ಉತ್ತರ ನನ್ನ ಕಣ್ಣೆದುರಿನ ಗೋಡೆಯಲ್ಲೇ ಇತ್ತಲ್ಲ! ದೀಪ ಕಾಣದಿದ್ದರೆ ಬೇಡ, ಕರೆಂಟ್ ಬಿದ್ದದ್ದು ಅವರಿಗೆ ಕೇಳಿದರೆ ಸಾಕು. ಗಲ್ಫಿನ ಬೇಕರಿಯಲ್ಲಿ ರಾಡ್ ಸುಟ್ಟರೆ ಎಚ್ಚರಿಸಲು ಕರೆಂಟನ್ನು ಕಾಯುತ್ತಾ ಕೂರುವ ಪುಟ್ಟ ರಿಲೇ ಹಾಕುತ್ತಿದ್ದೆವು. ಅಂಥದ್ದೊಂದನ್ನು ಮೀಟರುಗಳ ಪಕ್ಕ ಕೂರಿಸಿದೆ. ಅದರಿಂದ ಎರಡು ತಂತಿ ಒಳಗೆ, ತಂತಿಯ ತುದಿಗೆ ಒಂದು ಬಜರ್. ಅಂಗಡಿಯಲ್ಲಿದ್ದ ಬಜರುಗಳನ್ನೆಲ್ಲ ಹೊಡೆಸಿ ನೋಡಿ, ಎಲ್ಲಕ್ಕಿಂತ ಸಣ್ಣ ಸ್ವರದ, ಸೂಜಿಯ ಹಾಗೆ ಕಿವಿಗೆ ಚುಚ್ಚುವ ಒಂದನ್ನು ಆರಿಸಿದ್ದೆ. ಮುಳ್ಳು ಬಿದ್ದ ಕೂಡಲೇ ಅದು ಪೀಂ ಎನ್ನಬೇಕು, ಅವರು ಮುಚ್ಚಳ ಎತ್ತಬೇಕು. ಅಷ್ಟೇ.

ಅವರು ಅದನ್ನು ಒಳಗೆ ಮೊಳೆಗೆ ನೇತುಹಾಕಿ ಬಂದು ಪರದೆಯ ಹಿಂದೆ ನಿಂತರು. ನಾನು ಸ್ವಿಚ್ ಒತ್ತಿದೆ. ನಾನು ಕೂತಲ್ಲಿಗೂ ಪೀಂ ಎಂದು ತೆಳ್ಳಗೆ ಕೇಳಿತು.

"ಕೇಳ್ತದಾ ಸಿಸ್ಟರ್?"

ಉತ್ತರ ಬರುವುದು ಸ್ವಲ್ಪ ತಡವಾಯಿತು.

"ಕೇಳ್ತದೆ, ಕೇಳ್ತದೆ. ನನ್ನನ್ನು ಕಿವುಡಿ ಅಂತ ಮಾಡಿದ್ದೀರಾ?"

ಮುಂದಿನ ವಾರ ಹೋಗಿ ಮೀಟರಿನ ಎದುರು ಕೂತೆ. ಮುಳ್ಳುಗಳು ಬಿದ್ದವು, ಪೀಂ ಕೇಳಿತು, ಸ್ವಲ್ಪ ಹೊತ್ತಿನಲ್ಲೇ ಮುಳ್ಳುಗಳು ಮತ್ತೆ ಎದ್ದವು. ಹಳೆಯ ಲಯವೇ. ನನಗೆ ಎದ್ದು ಕುಣಿಯಬೇಕೆನಿಸಿತು. ಬಂದರಿನಲ್ಲಿ ಪಕ್ಕದ ಅಂಗಡಿಯವನಿಗೆ, ಮಸೀದಿಯಿಂದ ಹೊರಗೆ ಬರುವಾಗ ಸಿಕ್ಕವರಿಗೆ, ಹೆಂಡತಿಗೆ ದಿನಕ್ಕೊಂದು ಸಲ, ಹೆಸರು ಹೇಳದೆ ಈ ಕಥೆ ಹೇಳಿದ್ದೇ ಹೇಳಿದ್ದು. "ಕಣ್ಣಿಲ್ಲದವರಿಗೆ ಕರೆಂಟಿನಿಂದ ಕಣ್ಣು ಕೊಟ್ಟೆ" ಎಂದು ಜಂಬ ಬೇರೆ. "ನೊಬೆಲ್ ಯಾವಾಗ ಬರ್ತದೆ?" ಎಂದು ಹೆಂಡತಿ ಕೇಳಿದಳು.

ಆಮೇಲೆ ಎರಡು ಈಸ್ಟರ್ ಅವರ ಕೈಯ ಓಸ್ತಿಯಲ್ಲೇ ಆಯಿತು. ಆ ದಿನಗಳಲ್ಲಿ ಅವರು ಸ್ವಲ್ಪ ಮೆತ್ತಗಾಗಿದ್ದರು ಎಂದು ನನಗೆ ಅನಿಸುತ್ತಿತ್ತು. ಮೊದಲೆಲ್ಲ ಓಸ್ತಿ ಕೋಣೆಯಿಂದ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಈಗ ಬೇರೆ ಚಪ್ಪಲಿಗಳ ಸದ್ದು, ಒಮ್ಮೊಮ್ಮೆ ಯಾರದೋ ಹತ್ತಿಕ್ಕಿದ ನಗು. ವಯಸ್ಸಾದ ಮೇಲೆ ಎಲ್ಲರೂ ಹೀಗೆಯೇ ಎಂದುಕೊಂಡೆ. "ಯಾಕೆ ಪಿಸುಪಿಸು ಮಾತಾಡ್ತೀರಿ? ಉಪವಾಸ ಇನ್ನೂ ಶುರು ಆಗ್ಲಿಲ್ಲವಲ್ಲ" ಎಂದು ನನ್ನನ್ನೇ ಗದರುತ್ತಿದ್ದರು. ನಾನು ಸ್ವರ ಏರಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಅವರ ಮಾತು ಕೇಳಿದ ಮೇಲೆ ರಸ್ತೆಗೆ ಬಂದರೆ ಉರ್ವ ಮಾರ್ಕೆಟ್ಟಿನ ಗದ್ದಲವೂ ಇಂಪಾಗಿ ಕೇಳುತ್ತಿತ್ತು. ಈಗ ಆ ದಾರಿಯಲ್ಲಿ ಹೋಗುವಾಗ ಆ ಗಂಟಲಿಗಾಗಿ ಜೀವ ಹಾತೊರೆಯುತ್ತದೆ.

ಹೋದದ್ದು ಮಲಗಿದಲ್ಲೇ. ಹಿಂದಿನ ದಿನವೂ ಹಿಟ್ಟು ಕಲಸಿದ್ದರಂತೆ.

ದಫನವಾದ ಕೆಲವು ದಿನಗಳ ಮೇಲೆ ಮದರ್ ಫೋನ್ ಮಾಡಿ ಕರೆದರು. ಹೊಸ ಸಿಸ್ಟರಿಗೆ ಕೆಂಪು ದೀಪ ಚೆನ್ನಾಗಿ ಕಾಣುತ್ತದೆ, ಆ ಬಜರನ್ನು ಬಿಚ್ಚಿ ಕೊಡುತ್ತೇವೆ, ತೆಗೆದುಕೊಂಡು ಹೋಗಿ ಎಂದರು. ನಾನು ರಿಲೇ ಬಿಚ್ಚಿದೆ. ಅದೇ ಪರದೆ, ಆದರೆ ಹಿಂದೆ ಮೆಲುಮಾತಿನ ಮದರ್. ತೀರಿಕೊಂಡ ಸಿಸ್ಟರ್ ಬಗ್ಗೆ ಏನಾದರೂ ಒಳ್ಳೆಯದು ಹೇಳಬೇಕೆನಿಸಿ, ಜೊತೆಗೆ ನನ್ನದೂ ಸ್ವಲ್ಪ ಸೇರಿಸಿ ಹೇಳಿದೆ.

"ನಿಮಗೆ ಹೇಳದೆ ಇಟ್ಟದ್ದಕ್ಕೆ ಬೇಜಾರು ಮಾಡಬೇಡಿ ಮದರ್. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಈ ಬಜರ್ ಇದ್ದದ್ದರಿಂದ ಕೊನೆಯವರೆಗೆ ಕೆಲಸ ಮಾಡ್ಲಿಕ್ಕೆ ಆಯ್ತು."

ಪರದೆಯ ಆಚೆ ಸಣ್ಣಗೆ ನಕ್ಕ ಹಾಗಾಯಿತು.

"ಅದು ಅವರಿಗೆ ಕೇಳ್ತಾ ಇರ್ಲಿಲ್ಲ ಸಾಹೇಬ್ರೇ."

ನನಗೆ ಅರ್ಥವಾಗಲಿಲ್ಲ.

"ದಪ್ಪ ಸ್ವರ ಕೇಳ್ತಿತ್ತು, ನಿಮ್ಮದು ಕೇಳ್ತಿತ್ತು. ಆ ಸಣ್ಣ ಪೀಂ ಕೇಳ್ತಿರ್ಲಿಲ್ಲ. ವಯಸ್ಸಾದವರಿಗೆ ಹಾಗೆ ಆಗ್ತದಂತೆ. ನೀವು ಅದನ್ನು ಹಾಕಿದ ದಿನ ಸಂಜೆ, ನಮಗೆ ಮಾತಾಡ್ಲಿಕ್ಕೆ ಒಂದು ಗಂಟೆ ಉಂಟಲ್ಲ, ಆಗ ಎದ್ದು ನಿಂತ್ರು. 'ನನ್ನ ಕಣ್ಣು ಹೋಗಿದೆ, ನಿಮಗೆಲ್ಲ ಗೊತ್ತುಂಟು ಅಂತ ನನಗೂ ಗೊತ್ತುಂಟು. ಆದ್ರೆ ಸಾಹೇಬ್ರು ಅಷ್ಟು ಕಷ್ಟಪಟ್ಟು ಒಂದು ಬಜರ್ ಮಾಡಿ ಕೊಟ್ಟಿದ್ದಾರೆ. ಕೇಳ್ತದೆ ಅಂತ ಸುಳ್ಳು ಹೇಳಿ ಬಂದೆ. ಯಾರಾದ್ರೂ ಒಬ್ರು ನನ್ನ ಹತ್ತಿರ ಬಂದು ಕೂತು ಅದನ್ನು ಕೇಳಿ ಕೊಡಿ' ಅಂದ್ರು. ಅಲ್ಲಿಯವರೆಗೆ ನಮ್ಮನ್ನು ಆ ಕೋಣೆಗೆ ಇಣುಕಲಿಕ್ಕೂ ಬಿಟ್ಟವರಲ್ಲ."

ರಿಲೇಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತೆ. ಮದರ್ ಮುಂದುವರಿಸಿದರು.

"ದಿನಕ್ಕೊಬ್ರು ಹೋಗ್ತಿದ್ದೆವು. ಪೀಂ ಅಂದ ಕೂಡಲೇ ಅವರ ಮೊಣಕೈ ಮುಟ್ಟುವುದು, ಅಷ್ಟೇ ಕೆಲಸ. ಅವರು ತೀರಿಕೊಳ್ಳುವ ಹಿಂದಿನ ವಾರ ಒಂದು ದಿನ ನನ್ನ ಸರದಿ. ನಾನು ಏನೋ ಯೋಚನೆಯಲ್ಲಿ ಮುಟ್ಟಲಿಕ್ಕೆ ತಡ ಮಾಡಿದೆ. ಅವರಿಗೆ ಹೇಗೆ ಗೊತ್ತಾಯ್ತೋ, 'ಬೇಗ ಮದರ್, ಬೇಗ. ಹೊರಗೆ ಸಾಹೇಬ್ರು ಮುಳ್ಳು ನೋಡ್ತಾ ಕೂತಿರ್ತಾರೆ' ಅಂದ್ರು."

ಆ ವಾರ ನಾನು ಉರ್ವದ ಕಡೆಗೆ ಹೋಗಿಯೇ ಇರಲಿಲ್ಲ.